ಶುಲ್ಕ ಹೋಯಿತು, ಜರಡಿ ಉಳಿಯಿತು

1966ರ ಸೆಪ್ಟೆಂಬರ್ 10, ಶನಿವಾರ. ಡಬ್ಲಿನ್ ನಗರಕ್ಕೆ ಹೊಂದಿಕೊಂಡ ಡನ್ ಲೀರಿ ಎಂಬ ಊರಿನಲ್ಲಿ ಪತ್ರಕರ್ತರ ಸಂಘದ ಒಂದು ಸಭೆ ನಡೆದಿತ್ತು. ಅಲ್ಲಿ ಮಾತನಾಡಲು ಬಂದಿದ್ದ ಐರ್ಲೆಂಡಿನ ಶಿಕ್ಷಣ ಸಚಿವ ಡೊನಾ ಓಮ್ಯಾಲಿ, ಮರುವರ್ಷದಿಂದ ದೇಶದಲ್ಲಿ ಪ್ರೌಢಶಿಕ್ಷಣ ಉಚಿತ ಎಂದು ಘೋಷಿಸಿಬಿಟ್ಟರು. ಅವರು ಆ ಖಾತೆ ವಹಿಸಿಕೊಂಡು ಎರಡು ತಿಂಗಳಾಗಿತ್ತಷ್ಟೆ. ಸಚಿವ ಸಂಪುಟ ಒಪ್ಪಿಗೆ ಕೊಟ್ಟಿರಲಿಲ್ಲ. ಹಣಕಾಸು ಇಲಾಖೆಯನ್ನು ಯಾರೂ ಕೇಳಿರಲಿಲ್ಲ. ಇಷ್ಟು ದೊಡ್ಡ ಖರ್ಚಿನ ನಿರ್ಧಾರ ಪತ್ರಕರ್ತರ ಸಭೆಯಲ್ಲಿ ಹೊರಬೀಳುವುದೆಂದರೇನು ಎಂದು ಆ ಇಲಾಖೆಯ ಕಾರ್ಯದರ್ಶಿ ಟಿ. ಕೆ. ವಿಟೇಕರ್ ಅವರು ಪ್ರಧಾನಿ ಷಾನ್ ಲೆಮಾಸ್‌ಗೆ ಪತ್ರ ಬರೆದು ಪ್ರತಿಭಟಿಸಿದರು. ಲೆಮಾಸ್‌ಗೆ ಒಳಗೊಳಗೇ ಮೊದಲೇ ತಿಳಿದಿತ್ತೇ ಎಂಬ ಬಗ್ಗೆ ಚರಿತ್ರಕಾರರು ಈಗಲೂ ವಾದಿಸುತ್ತಾರೆ. ತಿಳಿದಿರಲಿ ಬಿಡಲಿ, ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಧೈರ್ಯ ಯಾವ ರಾಜಕಾರಣಿಗೂ ಇರಲಿಲ್ಲ. 1967ರ ಸೆಪ್ಟೆಂಬರಿನಲ್ಲಿ ಯೋಜನೆ ಜಾರಿಗೆ ಬಂತು. ಅದರ ಮೊದಲ ವರ್ಷ ಮುಗಿಯುವ ಮುನ್ನವೇ, 1968ರ ಮಾರ್ಚಿನಲ್ಲಿ, 47ನೆಯ ವಯಸ್ಸಿಗೆ ಓಮ್ಯಾಲಿ ತೀರಿಕೊಂಡರು.

ಐರ್ಲೆಂಡಿನವರು ಓಮ್ಯಾಲಿಯನ್ನು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಆ ಪ್ರೀತಿಗೆ ಅವರು ಅರ್ಹರೇ. ಆದರೆ ನಾನಿಂದು ಮಾತಿಗೆ ಎತ್ತಿಕೊಂಡಿರುವುದು ಆ ಘೋಷಣೆಯ ನಂತರದ ಕಥೆಯನ್ನು. ಪ್ರೌಢಶಾಲೆಯ ಶುಲ್ಕ ರದ್ದಾದರೆ ಕೂಲಿಕಾರರ ಮಗುವಿಗೂ ವಕೀಲರ ಮಗುವಿಗೂ ಅವಕಾಶ ಸಮವಾಗುತ್ತದೆಯೇ? ಆಗುತ್ತದೆ ಎನ್ನುವವರು ಭಾಷಣ ಮಾಡುತ್ತಾರೆ. ಆಗುವುದಿಲ್ಲ, ಹಣ ದಂಡ ಎನ್ನುವವರು ಬಜೆಟ್ಟಿನ ಪುಟ ತೋರಿಸುತ್ತಾರೆ. ಐರ್ಲೆಂಡಿನ ಅನುಭವವನ್ನೂ ಪಕ್ಕದ ಇಂಗ್ಲೆಂಡಿನ ಅನುಭವವನ್ನೂ ಜೊತೆಗಿಟ್ಟು ನೋಡಿದರೆ ಈ ಇಬ್ಬರೂ ಹೇಳದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ.

ಮೊದಲು ಐರ್ಲೆಂಡಿನ ಆಗಿನ ಸ್ಥಿತಿ. 1937ರ ಸಂವಿಧಾನ ಅಲ್ಲಿ ಪ್ರಾಥಮಿಕ ಶಿಕ್ಷಣವನ್ನಷ್ಟೇ ಉಚಿತವಾಗಿ ಕೊಡುವ ಭರವಸೆ ನೀಡಿತ್ತು. ಹದಿನಾಲ್ಕು ವರ್ಷ ತುಂಬಿದ ಮಗು ಶಾಲೆ ಬಿಡಬಹುದಿತ್ತು. ಅದರಾಚೆಗೆ ಎರಡು ದಾರಿಗಳಿದ್ದವು. ಒಂದು ಸೆಕೆಂಡರಿ ಶಾಲೆ. ಇವು ಬಹುಮಟ್ಟಿಗೆ ಕ್ಯಾಥೊಲಿಕ್ ಸನ್ಯಾಸಿ ಸಂಘಗಳು, ಕೆಲವು ಕಡೆ ಪ್ರೊಟೆಸ್ಟಂಟರು ನಡೆಸುತ್ತಿದ್ದ ಶಾಲೆಗಳು. ಶಿಕ್ಷಕರ ಸಂಬಳದ ಬಹುಪಾಲನ್ನು ಸರ್ಕಾರವೇ ಕೊಡುತ್ತಿದ್ದರೂ ಮಕ್ಕಳಿಂದ ಶುಲ್ಕ ವಸೂಲಾಗುತ್ತಿತ್ತು. ಕೊನೆಯ ಪರೀಕ್ಷೆಯಾದ ಲೀವಿಂಗ್ ಸರ್ಟಿಫಿಕೇಟ್ ಸಿಗುತ್ತಿದ್ದುದು ಇಲ್ಲಿ. ಗುಮಾಸ್ತೆಗಿರಿ, ಬ್ಯಾಂಕು, ಶಿಕ್ಷಕ ವೃತ್ತಿ, ವಿಶ್ವವಿದ್ಯಾಲಯ ಎಲ್ಲಕ್ಕೂ ಇದೇ ಹೆಬ್ಬಾಗಿಲು. ಎರಡನೆಯದು 1930ರ ಕಾಯ್ದೆಯಡಿ ಆರಂಭವಾದ ವೃತ್ತಿ ಶಾಲೆ. ಅಲ್ಲಿ ಹುಡುಗರಿಗೆ ಮರಗೆಲಸ, ಲೋಹದ ಕೆಲಸ, ಹುಡುಗಿಯರಿಗೆ ಮನೆವಾರ್ತೆ. ಓದು ಚಿಕ್ಕದು, ಖರ್ಚು ಕಡಿಮೆ, ಆದರೆ ಆ ದಾರಿ ವಿಶ್ವವಿದ್ಯಾಲಯದ ಕಡೆಗೆ ಹೋಗುತ್ತಿರಲಿಲ್ಲ. ಜಾಣ ಬಡ ಮಕ್ಕಳಿಗೆಂದು ಕೌಂಟಿ ಆಡಳಿತಗಳು ಕೊಡುತ್ತಿದ್ದ ವಿದ್ಯಾರ್ಥಿವೇತನಗಳು ಬೆರಳೆಣಿಕೆಯವು. ಆ ದೇಶದಲ್ಲಿ ಉಳ್ಳವರ ಮಕ್ಕಳು ಒಂದು ಬಾಗಿಲಿನಿಂದ, ಇಲ್ಲದವರ ಮಕ್ಕಳು ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದರು. ಬಹಳ ಮಕ್ಕಳಿಗೆ ಎರಡೂ ಬಾಗಿಲು ಇರಲಿಲ್ಲ. 1950ರ ದಶಕವೊಂದರಲ್ಲೇ ಸುಮಾರು 4 ಲಕ್ಷ ಜನ ಐರ್ಲೆಂಡ್ ಬಿಟ್ಟು ಹೊರಟರು. 30 ಲಕ್ಷವೂ ತುಂಬದ ಜನಸಂಖ್ಯೆಯ ದೇಶ ಅದು. ಹಾಗೆ ಹೋದವರಲ್ಲಿ ಎಷ್ಟೋ ಜನ ಬರೀ ಪ್ರಾಥಮಿಕ ಓದಿನ ಬಲದ ಮೇಲೆ ಇಂಗ್ಲೆಂಡಿನ ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ಸೇರಿಕೊಂಡರು.

ಇದನ್ನೆಲ್ಲ ಮರುಕದ ಮಾತಾಗಿ ಹೇಳುವವರು ಅಲ್ಲಿ ಮೊದಲಿನಿಂದಲೂ ಇದ್ದರು. ಸರ್ಕಾರವನ್ನು ಅಲುಗಾಡಿಸಿದ್ದು ಮರುಕವಲ್ಲ, ಎಣಿಕೆ. ಅರ್ಥಶಾಸ್ತ್ರಜ್ಞ ಪ್ಯಾಟ್ರಿಕ್ ಲಿಂಚ್ ನೇತೃತ್ವದ ಒಂದು ತಂಡ 1962ರಿಂದ ದೇಶದ ಶಾಲೆಗಳನ್ನು ಲೆಕ್ಕ ಹಾಕುತ್ತ ಕೂತಿತ್ತು. ಶಿಕ್ಷಣದಲ್ಲಿ ಹೂಡಿಕೆ ಎಂಬ ಅರ್ಥದ ಹೆಸರು ಹೊತ್ತು 1965ರಲ್ಲಿ ಹೊರಬಂದ ಅದರ ವರದಿ ತಣ್ಣಗೆ ಒಂದು ಅಂಕಿ ಕೊಟ್ಟಿತು. ಪ್ರತಿ ವರ್ಷ ಪ್ರಾಥಮಿಕ ಶಾಲೆ ಬಿಡುವ ಸುಮಾರು 55,000 ಮಕ್ಕಳಲ್ಲಿ ಸುಮಾರು 17,500 ಮಂದಿಯ ಓದು ಅಲ್ಲಿಗೇ ಮುಗಿಯುತ್ತಿತ್ತು. ಹತ್ತಿರಹತ್ತಿರ ಮೂರರಲ್ಲೊಂದು ಪಾಲು. ಆ ಮೂರನೆಯ ಪಾಲಿನ ಮಕ್ಕಳ ತಂದೆಯರು ಏನು ಕೆಲಸ ಮಾಡುತ್ತಿದ್ದರು, ಯಾವ ಸೀಮೆಯವರು ಎಂಬುದನ್ನೂ ವರದಿ ವಿಂಗಡಿಸಿ ತೋರಿಸಿತು. ಓದು ಮುಂದುವರಿಸುವ ಭಾಗ್ಯ ಹುಟ್ಟಿದ ಮನೆಯ ಮೇಲೆ ನಿಂತಿದೆ ಎಂಬುದು ಆಮೇಲೆ ಅಭಿಪ್ರಾಯವಾಗಿ ಉಳಿಯಲಿಲ್ಲ, ಕೋಷ್ಟಕವಾಯಿತು. ಓಮ್ಯಾಲಿ ತಮ್ಮ ಭಾಷಣದಲ್ಲಿ ಊರಿದ್ದು ಈ ಕೋಷ್ಟಕದ ಮೇಲೆಯೇ.

ಯೋಜನೆಯ ರಚನೆಯೂ ಗಮನಿಸುವಂಥದು. ಸರ್ಕಾರ ಶಾಲೆಗಳನ್ನು ವಶಪಡಿಸಿಕೊಳ್ಳಲಿಲ್ಲ. ಶುಲ್ಕ ಬಿಟ್ಟುಕೊಡುವ ಶಾಲೆಗೆ ಅದರ ಬದಲಿಗೆ ವಿದ್ಯಾರ್ಥಿಯೊಬ್ಬನಿಗೆ ಇಷ್ಟು ಪೌಂಡ್ ಎಂದು ಅನುದಾನ ಕೊಡುತ್ತೇವೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದಿತು. ಬಹುತೇಕ ಶಾಲೆಗಳು ಒಪ್ಪಿದವು. ಒಪ್ಪದೆ ಶುಲ್ಕ ಉಳಿಸಿಕೊಂಡ ಶಾಲೆಗಳ ಒಂದು ಸಣ್ಣ ಗುಂಪು ಇಂದಿಗೂ ಇದೆ, ಅವುಗಳ ಶಿಕ್ಷಕರಿಗೆ ಸರ್ಕಾರವೇ ಸಂಬಳ ಕೊಡುತ್ತಿದೆ ಕೂಡ. ಈ ಗುಂಪಿನ ಮಾತು ಮುಂದೆ ಬರುತ್ತದೆ. ಬಡ ಮಕ್ಕಳಿಗೆ ಪುಸ್ತಕದ ನೆರವು ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಶಾಲೆಯಿಂದ ಮೂರು ಮೈಲಿಗಿಂತ ದೂರ ಇರುವ ಮಕ್ಕಳಿಗೆ ಉಚಿತ ಬಸ್ಸು ಬಂತು. ಅಂದಿನ ಐರ್ಲೆಂಡ್ ಹಳ್ಳಿಗಳ ದೇಶ, ಅದರಲ್ಲೂ ಒಂಟಿ ತೋಟದಮನೆಗಳ ದೇಶ. ಸೆಕೆಂಡರಿ ಶಾಲೆ ಇದ್ದದ್ದು ಪಟ್ಟಣದಲ್ಲಿ. ಶುಲ್ಕ ಮಾತ್ರ ಮನ್ನಾ ಆಗಿ ಬಸ್ಸು ಬಾರದೆ ಹೋಗಿದ್ದರೆ ಲಾಭವೆಲ್ಲ ಪಟ್ಟಣದ ಮಕ್ಕಳ ಪಾಲಾಗುತ್ತಿತ್ತು, ಉಳಿದವರು ಹಾಸ್ಟೆಲು ಖರ್ಚಿಗೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದರು. ಓಮ್ಯಾಲಿಯ ಹೆಸರು ಶುಲ್ಕಮಾಫಿಯ ಜೊತೆ ಅಂಟಿಕೊಂಡಿದೆ. ನನ್ನನ್ನು ಕೇಳಿದರೆ ಆ ಹಳದಿ ಬಸ್ಸಿಗೂ ಅಷ್ಟೇ ಮನ್ನಣೆ ಸಲ್ಲಬೇಕು.

ಫಲ ಕಣ್ಣಿಗೆ ಕಾಣುವಂತೆ ಬಂತು. 1966-67ರಲ್ಲಿ ಸುಮಾರು 1 ಲಕ್ಷ 48 ಸಾವಿರ ಇದ್ದ ಪ್ರೌಢ ಹಂತದ ವಿದ್ಯಾರ್ಥಿಗಳು 1974ರ ಹೊತ್ತಿಗೆ 2 ಲಕ್ಷ 39 ಸಾವಿರವಾದರು. ಕೊಠಡಿಗಳು ಸಾಲದೆ ತಗಡು, ಹಲಗೆಗಳ ತಾತ್ಕಾಲಿಕ ಕೋಣೆಗಳು ಶಾಲೆಯ ಅಂಗಳದಲ್ಲಿ ಎದ್ದವು, ಎಷ್ಟೋ ಕಡೆ ಅವೇ ಕಾಯಂ ಆದವು. 1972ರಲ್ಲಿ ಶಾಲೆ ಬಿಡುವ ವಯಸ್ಸು ಹದಿನೈದಕ್ಕೆ ಏರಿತು. ಇಷ್ಟಾದ ಮೇಲೆ ಮನೆಯ ಅಂತಸ್ತಿಗೂ ಓದಿಗೂ ಇದ್ದ ಗಂಟು ಸಡಿಲವಾಗಿರಲೇಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಏಡ್ರಿಯನ್ ರ‍್ಯಾಫ್ಟರಿ ಮತ್ತು ಮೈಕಲ್ ಹೌಟ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ 1993ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರಿಗೆ ಕಂಡದ್ದು ಹೀಗೆ: ಬೇರೆ ಬೇರೆ ವರ್ಗಗಳ ಮಕ್ಕಳ ನಡುವಿನ ಅಂತರ ಪ್ರೌಢ ಹಂತದಲ್ಲಿ ಕಡಿಮೆಯಾಯಿತು ನಿಜ. ಆದರೆ ವರ್ಗದ ತಡೆ ಮುರಿದು ಬಿದ್ದುದರಿಂದ ಅದು ಕಡಿಮೆಯಾಗಲಿಲ್ಲ. ಶಾಲೆಗಳಲ್ಲಿ ಜಾಗ ಎಷ್ಟು ಹೆಚ್ಚಿತೆಂದರೆ, ಮಕ್ಕಳನ್ನು ಆರಿಸಿಕೊಳ್ಳುವ ಅಗತ್ಯವೇ ಕಡಿಮೆಯಾಯಿತು. ಆರಿಸುವುದು ನಿಂತ ಹಂತದಲ್ಲಿ ಅಂತಸ್ತಿನ ಬಲ ನಡೆಯಲಿಲ್ಲ. ಮುಂದಿನ ಹಂತದಲ್ಲಿ, ಎಲ್ಲಿ ಜಾಗ ಇನ್ನೂ ಬಿಗಿಯಾಗಿತ್ತೋ ಅಲ್ಲಿ, ಅದು ಎಂದಿನಂತೆ ನಡೆಯಿತು. ಮೇಲಿನ ವರ್ಗದವರ ಬೇಡಿಕೆ ಪೂರ್ತಿ ತೀರುವವರೆಗೆ ಕೆಳಗಿನವರ ಸರದಿ ಬರುವುದಿಲ್ಲ ಎಂಬುದು ಅವರ ಸಿದ್ಧಾಂತದ ತಿರುಳು.

ಇದು ನಿರಾಶೆಯ ತೀರ್ಪೆಂದು ಹಲವರು ಓದಿದ್ದಾರೆ. ನಾನು ಹಾಗೆ ಓದುವುದಿಲ್ಲ. ಯಾಕೆಂದು ತಿಳಿಯಲು ಸಮುದ್ರದಾಚೆಯ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ ಬಟ್ಲರ್ ಅವರ ಹೆಸರಿನಿಂದ ಕರೆಯುವ 1944ರ ಶಿಕ್ಷಣ ಕಾಯ್ದೆ, ಐರ್ಲೆಂಡಿಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ ಸರ್ಕಾರಿ ಪ್ರೌಢಶಾಲೆಗಳಲ್ಲಿ ಶುಲ್ಕ ರದ್ದು ಮಾಡಿತ್ತು. ಅದಕ್ಕೂ ಮುಂಚೆ, 1907ರಿಂದಲೇ, ಅನುದಾನ ಪಡೆಯುವ ಶಾಲೆಗಳು ನಾಲ್ಕರಲ್ಲೊಂದು ಪಾಲು ಸೀಟನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿತ್ತು. ಆದರೆ 1944ರ ನಂತರ ಹನ್ನೊಂದನೆಯ ವಯಸ್ಸಿಗೆ ಒಂದು ಪರೀಕ್ಷೆ ಬಂತು. ಗೆದ್ದವರು ಗ್ರಾಮರ್ ಶಾಲೆಗೆ, ಮಿಕ್ಕ ಬಹುಜನ ಸೆಕೆಂಡರಿ ಮಾಡರ್ನ್ ಶಾಲೆಗೆ. ಶುಲ್ಕ ಎರಡರಲ್ಲೂ ಇಲ್ಲ. ದುಡ್ಡಿನ ಬದಲು ಜಾಣತನವೇ ಅಳತೆಗೋಲು ಎಂಬ ಹೆಮ್ಮೆ ಆ ವ್ಯವಸ್ಥೆಗಿತ್ತು. ಜೀನ್ ಫ್ಲೌಡ್, ಎ. ಎಚ್. ಹಾಲ್ಸಿ ಮೊದಲಾದವರು ಹರ್ಟ್‌ಫರ್ಡ್‌ಷೈರಿನ ನೈಋತ್ಯ ಭಾಗದಲ್ಲೂ ಮಿಡಲ್ಸ್‌ಬರೊ ಪಟ್ಟಣದಲ್ಲೂ ಮಾಡಿದ ಅಧ್ಯಯನ 1956ರಲ್ಲೇ ಸಂಶಯ ಹುಟ್ಟಿಸಿತ್ತು. 1954ರ ಒಂದು ಸರ್ಕಾರಿ ವರದಿ, ಗ್ರಾಮರ್ ಶಾಲೆಗೆ ಹೇಗೋ ಸೇರಿದ ಕಾರ್ಮಿಕರ ಮಕ್ಕಳು ನಡುವೆಯೇ ಬಿಟ್ಟು ಹೋಗುತ್ತಿದ್ದಾರೆ ಎಂದಿತ್ತು. ಹಾಲ್ಸಿ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಚಿತ್ರ ಸ್ಪಷ್ಟವಾಯಿತು. ಆಯ್ದ ಶಾಲೆಗಳಿಗೆ ಹೋಗುವ ಅವಕಾಶ ಮೇಲ್ವರ್ಗದ ಹುಡುಗರಿಗೆ ಕಾರ್ಮಿಕ ವರ್ಗದ ಹುಡುಗರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು, ಮತ್ತು ಒಂದು ತಲೆಮಾರು ಕಳೆದರೂ ಆ ಪ್ರಮಾಣ ಬದಲಾಗಿರಲಿಲ್ಲ.

ಎರಡು ದೇಶಗಳನ್ನು ಪಕ್ಕದಲ್ಲಿಟ್ಟರೆ ನನ್ನ ವಾದ ಇಷ್ಟು. ಶುಲ್ಕ ಒಂದು ತಡೆ, ಆಯ್ಕೆ ಇನ್ನೊಂದು. ಇಂಗ್ಲೆಂಡ್ ಮೊದಲನೆಯದನ್ನು ತೆಗೆದು ಎರಡನೆಯದನ್ನು ಗಟ್ಟಿಮಾಡಿತು, ಹಾಗಾಗಿ ಅಸಮಾನತೆ ಕದಲಲಿಲ್ಲ. ಐರ್ಲೆಂಡ್ ಶುಲ್ಕದ ಜೊತೆಗೆ ಜಾಗದ ಬಿಗುವನ್ನೂ ಸಡಿಲಿಸಿತು, ಹಾಗಾಗಿ ಆ ಒಂದು ಮೆಟ್ಟಿಲಿನ ಮಟ್ಟಿಗೆ ಅಸಮಾನತೆ ಕರಗಿತು. ಪರೀಕ್ಷೆ ಎಂಬ ಜರಡಿ ನೋಡಲು ನಿಷ್ಪಕ್ಷಪಾತಿ, ಆದರೆ ಅದರ ಕಣ್ಣುಗಳ ಅಳತೆ ಮನೆಯಲ್ಲೇ ನಿಗದಿಯಾಗಿರುತ್ತದೆ. ಮನೆಯಲ್ಲಿ ಪುಸ್ತಕ ಇರುವ, ಮಾತು ಶಾಲೆಯ ಮಾತನ್ನು ಹೋಲುವ, ತಪ್ಪಿದರೆ ಇನ್ನೊಮ್ಮೆ ಹೇಳಿಕೊಡಲು ಯಾರಾದರೂ ಇರುವ ಮಗುವಿಗೆ ಹನ್ನೊಂದು ವರ್ಷಗಳ ಮುಂಗಡ ಸಿಕ್ಕಿರುತ್ತದೆ. ಶುಲ್ಕ ಇದ್ದ ಕಾಲದಲ್ಲಿ ಬಡವನ ಮಗ ಹೊರಗುಳಿದರೆ ದುಡ್ಡಿರಲಿಲ್ಲ ಎಂದಾದರೂ ಹೇಳಬಹುದಿತ್ತು. ಶುಲ್ಕ ಹೋಗಿ ಆಯ್ಕೆ ಉಳಿದರೆ, ಅವನಿಗೆ ಬುದ್ಧಿ ಇರಲಿಲ್ಲ ಎಂಬ ಹಣೆಪಟ್ಟಿ ಬೀಳುತ್ತದೆ. ಇದು ಮೊದಲಿನದಕ್ಕಿಂತ ಕ್ರೂರ.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಹಳೆಯದೂ ಗೌರವಯುತವಾದದ್ದೂ ಒಂದಿದೆ: ಎಲ್ಲರಿಗೂ ಉಚಿತ ಎಂದರೆ ಕಟ್ಟಬಲ್ಲವರಿಗೂ ಉಚಿತ. ವೈದ್ಯರ ಮಗಳ ಶುಲ್ಕವನ್ನು ಸರ್ಕಾರ ಏಕೆ ಕೊಡಬೇಕು? ಅದೇ ಹಣವನ್ನು ಅರ್ಹ ಬಡ ಮಕ್ಕಳಿಗೆ ವಿದ್ಯಾರ್ಥಿವೇತನವಾಗಿ ಕೊಟ್ಟರೆ ಪರಿಣಾಮ ಹೆಚ್ಚಲ್ಲವೇ? ಕೇಳಲು ನ್ಯಾಯವಾಗಿದೆ. ಆದರೆ ಅರ್ಹ ಎಂಬ ಪದ ಬಂದ ಕೂಡಲೇ ಜರಡಿಯೂ ಬರುತ್ತದೆ. ಐರ್ಲೆಂಡಿನ ಕೌಂಟಿ ವಿದ್ಯಾರ್ಥಿವೇತನ, ಇಂಗ್ಲೆಂಡಿನ 1907ರ ಉಚಿತ ಸೀಟು, ಎರಡೂ ಈ ತತ್ವದವೇ. ಅವು ಕೆಲವು ಪ್ರತಿಭಾವಂತರನ್ನು ಮೇಲಕ್ಕೆತ್ತಿದವು, ಆ ಕೆಲವರ ಯಶಸ್ಸು ಉಳಿದವರ ಸ್ಥಿತಿಗೆ ಸಮರ್ಥನೆಯೂ ಆಯಿತು. ಪ್ರತಿಭೆ ಇಲ್ಲದ ಶ್ರೀಮಂತರ ಮಗು ಪ್ರೌಢಶಾಲೆಗೆ ಹೋಗಬಹುದಾದರೆ, ಸಾಧಾರಣ ಬುದ್ಧಿಯ ಬಡವರ ಮಗು ಅಸಾಧಾರಣವಾಗಿರಬೇಕು ಎಂಬ ಷರತ್ತು ಎಲ್ಲಿಂದ ಬಂತು? ಇನ್ನು ಬಡತನವನ್ನಷ್ಟೇ ಅಳೆದು ಕೊಡೋಣ ಎಂದರೆ, ಆದಾಯ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿ ಸುತ್ತುವ ದಿನಗೂಲಿಗಳಿಗೆ ಅದರ ಬೆಲೆ ಗೊತ್ತು. ವೈದ್ಯರಿಂದ ಆ ಹಣವನ್ನು ತೆರಿಗೆಯ ಮೂಲಕ ವಾಪಸು ಪಡೆಯಬಹುದು. ಶಾಲೆಯ ಬಾಗಿಲಲ್ಲಿ ಬಡತನಕ್ಕೆ ಸಾಕ್ಷಿ ಕೇಳುವುದಕ್ಕಿಂತ ಅದು ಸುಲಭ.

ಆದರೂ ಈ ಆಕ್ಷೇಪದಲ್ಲಿ ಒಂದು ಎಳೆ ಗಟ್ಟಿಯಾಗಿದೆ, ಅದನ್ನು ಒಪ್ಪಬೇಕು. ಶುಲ್ಕ ಕಟ್ಟುತ್ತಿದ್ದವರಿಗೆ ಶುಲ್ಕಮಾಫಿ ಅನಾಯಾಸ ಲಾಭ. ಬಡ ಮನೆಗೆ ಶುಲ್ಕ ಖರ್ಚಿನ ಸಣ್ಣ ಭಾಗ. ದೊಡ್ಡ ಭಾಗ ಹದಿನಾಲ್ಕು ವರ್ಷದ ಮಗ ಅಥವಾ ಮಗಳು ದುಡಿದು ತರಬಹುದಾಗಿದ್ದ ಕೂಲಿ, ಇಲ್ಲವೆ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡು ತಾಯಿಯನ್ನು ಕೂಲಿಗೆ ಕಳಿಸುವ ಆ ಮಗಳ ಸಮಯ. ಉಚಿತ ಶಾಲೆ ಈ ನಷ್ಟವನ್ನು ತುಂಬುವುದಿಲ್ಲ. ಮೆಕ್ಸಿಕೊ ದೇಶ 1997ರಲ್ಲಿ ಬಡ ಕುಟುಂಬಗಳಿಗೆ ನಗದು ಕೊಡಲು ಆರಂಭಿಸಿದಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿತು: ತರಗತಿ ಏರಿದಂತೆ ಮೊತ್ತ ಏರುತ್ತಿತ್ತು, ಪ್ರೌಢ ಹಂತದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಸಿಗುತ್ತಿತ್ತು. ಪ್ರಾಥಮಿಕ ಮುಗಿಸಿ ಪ್ರೌಢಶಾಲೆಗೆ ದಾಟುವ ಕಡೆಯಲ್ಲೇ ಅದರ ಪರಿಣಾಮ ಎದ್ದು ಕಂಡಿತು. ಇಂಗ್ಲೆಂಡೂ 1999ರಲ್ಲಿ ಕೆಲವು ಪ್ರದೇಶಗಳಲ್ಲಿ, ಹದಿನಾರು ದಾಟಿದ ಮೇಲೂ ಓದುವ ಬಡ ಮಕ್ಕಳಿಗೆ ವಾರವಾರ ನೆರವು ಕೊಟ್ಟು ನೋಡಿತು. ಓದಿನಲ್ಲಿ ಉಳಿದವರ ಪ್ರಮಾಣ ಮೊದಲ ವರ್ಷ 4.5 ಶೇಕಡಾಂಶದಷ್ಟು ಹೆಚ್ಚಿತೆಂದು ಅಧ್ಯಯನ ತಿಳಿಸಿತು. ಮುಂದೆ ಬಂದ ಸರ್ಕಾರ ಉಳಿತಾಯದ ಹೆಸರಿನಲ್ಲಿ ಅದನ್ನು ಇಂಗ್ಲೆಂಡಿನಲ್ಲಿ ನಿಲ್ಲಿಸಿತು. ಉಚಿತ ಶಿಕ್ಷಣದ ಪಕ್ಕದಲ್ಲಿ ಇಂಥ ನೆರವು ಬೇಕೆಂಬುದು ಶುಲ್ಕಮಾಫಿಗೆ ವಿರುದ್ಧವಾದ ವಾದವಲ್ಲ, ಅದರ ಬಾಕಿ.

ಗುಣಮಟ್ಟ ಕುಸಿಯುತ್ತದೆ ಎಂಬ ಮಾತನ್ನು ಹೆಚ್ಚು ಹೊತ್ತು ಚರ್ಚಿಸಬೇಕಾಗಿಲ್ಲ. ಏಳೆಂಟು ವರ್ಷಗಳಲ್ಲಿ ತೊಂಬತ್ತು ಸಾವಿರ ಹೊಸ ಮಕ್ಕಳು ಬಂದರೆ ತರಗತಿ ತುಂಬುತ್ತದೆ, ಶಿಕ್ಷಕರು ಸಾಲುವುದಿಲ್ಲ. ಸರಾಸರಿ ಅಂಕ ಇಳಿಯಲೂಬಹುದು, ಯಾಕೆಂದರೆ ಮೊದಲು ಲೆಕ್ಕಕ್ಕೇ ಬಾರದಿದ್ದವರು ಈಗ ಲೆಕ್ಕಕ್ಕೆ ಬರುತ್ತಾರೆ. ಹೊರಗೆ ನಿಂತಿದ್ದ ಮಗುವಿನ ಪಾಲಿಗೆ ಹಿಂದಿದ್ದ ಗುಣಮಟ್ಟ ಸೊನ್ನೆ. ಗಂಭೀರವಾದದ್ದು ಇನ್ನೊಂದು ಆಕ್ಷೇಪ. ಒಂದು ಮೆಟ್ಟಿಲಲ್ಲಿ ಕರಗಿದ ಅಸಮಾನತೆ ಮುಂದಿನ ಮೆಟ್ಟಿಲಿಗೆ ಹೋಗಿ ಕೂರುವುದಾದರೆ, ಮೆಟ್ಟಿಲು ಹತ್ತಿಸಿ ಪ್ರಯೋಜನವೇನು? ಐರ್ಲೆಂಡ್ 1990ರ ದಶಕದ ನಡುವಿನಲ್ಲಿ ಪದವಿ ಶಿಕ್ಷಣದ ಶುಲ್ಕವನ್ನೂ ತೆಗೆದುಹಾಕಿತು. ಅದರಿಂದ ವಿಶ್ವವಿದ್ಯಾಲಯ ಪ್ರವೇಶದಲ್ಲಿನ ವರ್ಗಾಂತರ ತಗ್ಗಿದ ಗುರುತು ಕಾಣಲಿಲ್ಲ ಎಂದು ಕೆವಿನ್ ಡೆನ್ನಿ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಕಾರಣ, ಅಷ್ಟು ಹೊತ್ತಿಗೆ ಲೀವಿಂಗ್ ಸರ್ಟಿಫಿಕೇಟಿನ ಅಂಕಗಳಲ್ಲೇ ಅಂತರ ಮೂಡಿಯಾಗಿತ್ತು. ಎಲ್ಲರೂ ಒಂದೇ ಹಂತದ ಶಾಲೆಗೆ ಹೋಗುವಂತಾದಾಗ ಉಳ್ಳವರು ಅದರೊಳಗೇ ಉತ್ತಮ ದರ್ಜೆಯದನ್ನು ಹಿಡಿಯುತ್ತಾರೆ ಎಂದು ಸ್ಯಾಮ್ಯುಯಲ್ ಲ್ಯೂಕಸ್ 2001ರಲ್ಲಿ ವಾದಿಸಿದರು. ಐರ್ಲೆಂಡಿನಲ್ಲಿ ಶುಲ್ಕ ಬಿಡದೆ ಉಳಿದ ಆ ಸಣ್ಣ ಗುಂಪಿನ ಶಾಲೆಗಳು ನೆನಪಾಗುವುದು ಇಲ್ಲಿ.

ಇದಕ್ಕೆ ಎರಡು ಉತ್ತರ. ಹದಿಮೂರು ದೇಶಗಳನ್ನು ಹೋಲಿಸಿದ 1993ರ ಒಂದು ಹೆಸರಾಂತ ಗ್ರಂಥ, ಸ್ವೀಡನ್ ಮತ್ತು ನೆದರ್ಲೆಂಡ್ಸ್ ಬಿಟ್ಟರೆ ಎಲ್ಲಿಯೂ ಅಂತರ ಇಳಿದಿಲ್ಲ ಎಂದು ಹೇಳಿ ಬಹುಕಾಲ ಈ ಚರ್ಚೆಯ ಬಾಯಿ ಕಟ್ಟಿತ್ತು. 2009ರಲ್ಲಿ ರಿಚರ್ಡ್ ಬ್ರೀನ್ ಮತ್ತು ಸಂಗಡಿಗರು ಎಂಟು ಐರೋಪ್ಯ ರಾಷ್ಟ್ರಗಳ ಇನ್ನೂ ದೊಡ್ಡ ಮಾಹಿತಿ ಸಂಗ್ರಹವನ್ನು ಮತ್ತೆ ಶೋಧಿಸಿದಾಗ, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಂತರ ಒಟ್ಟಾರೆ ಇಳಿದದ್ದು ಕಂಡಿತು. ನಿಧಾನ, ಆದರೆ ನಿಜ. ಎರಡನೆಯದು ಇನ್ನೂ ಸರಳ. ಸಮಾನತೆಯ ಲೆಕ್ಕ ಒಂದು, ಬದುಕಿನ ಲೆಕ್ಕ ಇನ್ನೊಂದು. ವಕೀಲರ ಮಗನೂ ಒಂದು ಮೆಟ್ಟಿಲು ಮೇಲೇರಿದ ಎಂಬ ಕಾರಣಕ್ಕೆ ಕೂಲಿಕಾರರ ಮಗಳು ಕಲಿತ ಐದು ವರ್ಷದ ಓದು ವ್ಯರ್ಥವಾಗುವುದಿಲ್ಲ. 1980ರ ದಶಕದಲ್ಲಿ ಐರ್ಲೆಂಡಿನಿಂದ ಮತ್ತೆ ವಲಸೆ ಹೆಚ್ಚಿತು, ಓದಿಸಿದ್ದೇ ದಂಡವಾಯಿತು ಎಂದವರಿದ್ದರು. ಆದರೆ ಹಾಗೆ ಹೋದವರ ಕೈಯಲ್ಲಿ ಅವರ ಚಿಕ್ಕಪ್ಪ, ದೊಡ್ಡಪ್ಪಂದಿರ ಕೈಯಲ್ಲಿರದಿದ್ದ ಸರ್ಟಿಫಿಕೇಟು ಇತ್ತು. ಆಫ್ರಿಕದ ಘಾನಾದಲ್ಲಿ, ಪ್ರವೇಶ ಸಿಕ್ಕಿದರೂ ಶುಲ್ಕ ಕಟ್ಟಲಾರದ ಎರಡು ಸಾವಿರ ಚಿಲ್ಲರೆ ಮಕ್ಕಳಲ್ಲಿ ಚೀಟಿ ಎತ್ತಿ 682 ಮಂದಿಗೆ ಪೂರ್ತಿ ವಿದ್ಯಾರ್ಥಿವೇತನ ಕೊಟ್ಟು ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ವೇತನ ಪಡೆದ ಹುಡುಗಿಯರು ತಡವಾಗಿ ತಾಯಂದಿರಾದರು, ಕಡಿಮೆ ಮಕ್ಕಳನ್ನು ಹೆತ್ತರು. ಯಾವ ಅಂತಸ್ತಿನ ಕೋಷ್ಟಕದಲ್ಲೂ ಕಾಣದ ಲಾಭ ಇದು. ಘಾನಾ ಸರ್ಕಾರ 2017ರಲ್ಲಿ ಎಲ್ಲರಿಗೂ ಪ್ರೌಢಶಿಕ್ಷಣ ಉಚಿತಗೊಳಿಸಿತು. ಜಾಗ ಸಾಲದೆ ಮರುವರ್ಷವೇ ಮಕ್ಕಳನ್ನು ಎರಡು ಪಾಳಿಗಳಾಗಿ ಶಾಲೆಗೆ ಕರೆಸಬೇಕಾಯಿತು. ಜಾಗವೇ ಕೊನೆಯ ಮಾತು ಎನ್ನುವುದಕ್ಕೆ ಇದೂ ಒಂದು ಸಾಕ್ಷಿ.

ನಮ್ಮ ಕಡೆಗೆ ಬರೋಣ. ಓಮ್ಯಾಲಿಯ ಘೋಷಣೆಗೆ ಎರಡೂವರೆ ತಿಂಗಳ ಮೊದಲು, 1966ರ ಜೂನ್ ಕೊನೆಯಲ್ಲಿ, ದೆಹಲಿಯಲ್ಲಿ ಶಿಕ್ಷಣ ಕುರಿತ ಕೊಠಾರಿ ಆಯೋಗ ತನ್ನ ವರದಿ ಒಪ್ಪಿಸಿತ್ತು. ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗಬೇಕು ಎಂದು ಅದು ಹೇಳಿದ್ದು ಶುಲ್ಕಮಾಫಿಗಿಂತ ದೂರ ಸಾಗುವ ಮಾತು. ಆ ಮಾತನ್ನು ನಾವು ಕಾರ್ಯರೂಪಕ್ಕೆ ತರಲಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೆಯ ತರಗತಿಯವರೆಗೆ ಮಾತ್ರ. ಕರ್ನಾಟಕದ ಮಟ್ಟಿಗೆ ಇದು ವಿಚಿತ್ರವಾದ ಗೆರೆ, ಯಾಕೆಂದರೆ ನಮ್ಮಲ್ಲಿ ಹೈಸ್ಕೂಲು ಆರಂಭವಾಗುವುದೇ ಎಂಟರಿಂದ. ಹೈಸ್ಕೂಲಿನ ಮೊದಲ ವರ್ಷ ಹಕ್ಕು, ಉಳಿದೆರಡು ವರ್ಷ ಸರ್ಕಾರದ ಔದಾರ್ಯ. ಆ ಔದಾರ್ಯ ಕಡಿಮೆಯದಲ್ಲ ಎನ್ನಬೇಕು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಬಂತು, ಆಮೇಲೆ ಬಿಸಿಯೂಟ ಹೈಸ್ಕೂಲಿಗೂ ಬಂತು. ಐರ್ಲೆಂಡಿನ ಬಸ್ಸು ಮಾಡಿದ ಕೆಲಸವನ್ನೇ ಇಲ್ಲಿ ಸೈಕಲ್ ಮಾಡಬೇಕಾಗಿತ್ತು. ಅದೇ ಕಾಲದಲ್ಲಿ ಬಿಹಾರ ಹುಡುಗಿಯರಿಗೆ ಕೊಟ್ಟ ಸೈಕಲಿನ ಅಧ್ಯಯನ ನಮ್ಮ ಮುಂದಿದೆ: ಪ್ರೌಢ ಹಂತಕ್ಕೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ 32 ಶೇಕಡದಷ್ಟು ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ 40 ಶೇಕಡದಷ್ಟು ತಗ್ಗಿತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚು.

ಜರಡಿ ಮಾತ್ರ ನಮ್ಮಲ್ಲಿ ಎಲ್ಲ ಕಡೆ ಇದೆ. ಬಡ ಮಕ್ಕಳಿಗೆ ನಿಜವಾಗಿ ನೆರವಾದ ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಪ್ರವೇಶ ಪರೀಕ್ಷೆ ಉಂಟು. ಅದಕ್ಕೆಂದು ಐದನೆಯ ತರಗತಿಯ ಮಕ್ಕಳಿಗೆ ಟ್ಯೂಷನ್ ನಡೆಯುತ್ತದೆ. ಜಾಗ ಬಿಗಿಯಿದ್ದಲ್ಲಿ ಬಡವರ ಶಾಲೆಗೂ ಅವರಲ್ಲಿ ಸ್ವಲ್ಪ ಉಳ್ಳವರೇ ಮೊದಲು ತಲುಪುತ್ತಾರೆ. ಹತ್ತನೆಯ ತರಗತಿ ದಾಟಿದರೆ ಪಿಯುಸಿ ವಿಜ್ಞಾನ. ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ಅಲ್ಪ, ಆದರೆ ವೃತ್ತಿಶಿಕ್ಷಣದ ಸೀಟು ನಿರ್ಧಾರವಾಗುವುದು ಇಂಟಿಗ್ರೇಟೆಡ್ ಕೋಚಿಂಗ್ ಇರುವ ಖಾಸಗಿ ಕಾಲೇಜಿನ ಕೊಠಡಿಗಳಲ್ಲಿ. ಹಾಗೆಂದು ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳನ್ನು ಪರೀಕ್ಷೆಯಿಲ್ಲದೆ ಹಂಚಿ ಎಂದು ಯಾರೂ ಹೇಳುವುದಿಲ್ಲ. ಎಲ್ಲೋ ಒಂದು ಕಡೆ ಆಯ್ಕೆ ಬೇಕೇಬೇಕು. ಅದು ಎಷ್ಟು ತಡವಾಗಿ ಬರುತ್ತದೋ ಅಷ್ಟು ಒಳ್ಳೆಯದು ಎಂಬುದಷ್ಟೇ ನನ್ನ ವಾದ. ಹನ್ನೊಂದರ ಮಗುವನ್ನು ಜರಡಿ ಹಿಡಿದರೆ ಮನೆಯೇ ಗೆಲ್ಲುತ್ತದೆ. ಹದಿನೆಂಟರವರೆಗೆ ಎಲ್ಲರಿಗೂ ಸಮೀಪದಲ್ಲೇ, ವಿಜ್ಞಾನದ ಶಿಕ್ಷಕರೂ ಪ್ರಯೋಗಾಲಯವೂ ಇರುವ ಶಾಲೆ ಸಿಕ್ಕಿದರೆ, ಮಗುವಿಗೆ ತನ್ನದೇ ಆದ ಏಳು ವರ್ಷವಾದರೂ ಸಿಗುತ್ತದೆ.

ಇದಕ್ಕೆಲ್ಲ ಹಣ ಬೇಕು. ವಿಟೇಕರ್ ಅವರಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ, ಇರಬೇಕು ಕೂಡ. ಆದರೆ ಹಣಕ್ಕೂ ಮುಂಚೆ ಲಿಂಚ್ ತಂಡ ಮಾಡಿದ ಎಣಿಕೆ ಬೇಕು, ಅದಕ್ಕೆ ಹೆಚ್ಚು ಖರ್ಚಿಲ್ಲ. ಪ್ರತಿ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬ ಪಟ್ಟಿ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಗುತ್ತದೆ. ಆ ಶೇಕಡಾವಾರು ಪರೀಕ್ಷೆಗೆ ಕೂತವರದ್ದು. ಮೂರು ವರ್ಷದ ಹಿಂದೆ ಎಂಟನೆಯ ತರಗತಿಗೆ ಸೇರಿ ಒಂಬತ್ತರಲ್ಲಿ ಗಾರೆ ಕೆಲಸಕ್ಕೆ ಹೋದ ಹುಡುಗ, ಮದುವೆಯಾಗಿ ಹೋದ ಹುಡುಗಿ ಅದರಲ್ಲಿ ಇಲ್ಲ. ಅವರನ್ನು ಹೊರಗಿಟ್ಟಷ್ಟೂ ಜಿಲ್ಲೆಯ ಸ್ಥಾನ ಮೇಲೇರುವ ಅಪಾಯವೂ ಉಂಟು. ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಟ್ಟು ಶಾಲೆಯಿಂದ ಶಾಲೆಗೆ ಹಿಂಬಾಲಿಸುವ ಎಸ್‌ಎಟಿಎಸ್ ದಾಖಲೆ ನಮ್ಮ ಇಲಾಖೆಯ ಬಳಿ ಇದೆ. ಎಂಟಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತರ ಪರೀಕ್ಷೆಗೆ ಕೂತರು, ಕೂರದವರ ತಂದೆತಾಯಿ ಏನು ಕೆಲಸ ಮಾಡುತ್ತಾರೆ, ಅವರ ಮನೆಯಿಂದ ಹೈಸ್ಕೂಲು ಎಷ್ಟು ದೂರ ಎಂಬುದನ್ನು ತಾಲ್ಲೂಕುವಾರು ಲೆಕ್ಕ ಹಾಕಿ, ಫಲಿತಾಂಶದ ದಿನವೇ, ಅದೇ ಪುಟದಲ್ಲಿ ಪ್ರಕಟಿಸಲಿ.